ಉತ್ತರ ಕನ್ನಡದ ವಿಷಯಗಳಿಗೆ ವಿದ್ವತ್ ಆಕರ: ವಿಶ್ವವಿದ್ಯಾಲಯ ಗ್ರಂಥಾಲಯದ ಡೇಟಾಬೇಸ್‌ಗಳಲ್ಲಿ ಹುಡುಕುವ ಬಗೆ

ಕಗ್ಗ ಭತ್ತದ ಮೇಲೆ ಕಿರುಪ್ರಬಂಧ ಬರೆಯಲು ಹೊರಟಿದ್ದ ವಿದ್ಯಾರ್ಥಿನಿಯೊಬ್ಬಳು ಎರಡು ವಾರ ಹುಡುಕಿದ ಮೇಲೆ, ಈ ವಿಷಯದಲ್ಲಿ ಯಾರೂ ಏನೂ ಬರೆದೇ ಇಲ್ಲ ಎಂದು ಬೇಸರದಿಂದ ನನ್ನ ಬಳಿಗೆ ಬಂದಳು. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಅಳಿವೆಯ ಅಂಚಿಗೆ, ಉಪ್ಪುನೀರು ಏರಿ ಇಳಿಯುವ ಗಜನಿ ಗದ್ದೆಗಳಲ್ಲಿ ಬೆಳೆಯುವ ಈ ತಳಿಯನ್ನು ಕೃಷಿ ವಿಜ್ಞಾನಿಗಳಾಗಲಿ ಪರಿಸರ ಅಧ್ಯಯನಕಾರರಾಗಲಿ ಗಮನಿಸದೆ ಬಿಟ್ಟಿಲ್ಲವೆಂಬುದು ನನಗೆ ಗೊತ್ತಿತ್ತು. ಅವಳು ಹುಡುಕಿದ್ದು ‘ಕಗ್ಗ’ ಎಂಬ ಒಂದೇ ಪದವನ್ನು, ಇಂಗ್ಲಿಷ್ ಅಕ್ಷರಗಳಲ್ಲಿ. ಸಿಕ್ಕಿದ್ದರಲ್ಲಿ ಬಹುಪಾಲು ಡಿ.ವಿ.ಜಿ.ಯವರ ಕಾವ್ಯದ ಮೇಲಿನ ಬರಹಗಳು. ಅಂದು ಮಧ್ಯಾಹ್ನ ಇಬ್ಬರೂ ಶಿರಸಿಯ ಕಾಲೇಜು ಗ್ರಂಥಾಲಯದಲ್ಲಿ ಕುಳಿತು, ಕಂಪ್ಯೂಟರ್ ಮುಟ್ಟುವುದಕ್ಕೆ ಮೊದಲು ಒಂದು ಹಾಳೆಯ ಮೇಲೆ ಆ ಭತ್ತಕ್ಕೂ ಆ ಗದ್ದೆಗೂ ಆ ಹೊಳೆಗೂ ಇರುವ ಹೆಸರುಗಳನ್ನೆಲ್ಲ ಬರೆದುಕೊಂಡೆವು. ಸಂಜೆಯ ಹೊತ್ತಿಗೆ ಅವಳ ಕೈಯಲ್ಲಿ ಓದಲು ಸಾಕಷ್ಟು ಲೇಖನಗಳಿದ್ದವು.

ನಮ್ಮ ಜಿಲ್ಲೆಯ ವಿಷಯಗಳು ಡೇಟಾಬೇಸ್‌ಗಳಲ್ಲಿ ಇಲ್ಲವೆಂದೇನೂ ಅಲ್ಲ. ಅವು ನಾವು ಕರೆಯುವ ಹೆಸರಿನಲ್ಲಿ ಇರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಹೆಚ್ಚು ಜಾಗವನ್ನು ಪದಗಳಿಗೇ ಕೊಟ್ಟಿದ್ದೇನೆ. ಉಳಿದ ಹಂತಗಳು ಅದರ ಹಿಂದೆ ಸಲೀಸಾಗಿ ಬರುತ್ತವೆ.

ಮೊದಲು ಪದಗಳ ಪಟ್ಟಿ

ಒಂದು ಹಾಳೆಯಲ್ಲಿ ನಿಮ್ಮ ವಿಷಯದ ಮುಖ್ಯ ವಸ್ತುಗಳನ್ನು ಬರೆಯಿರಿ. ವಾಕ್ಯವಾಗಿ ಅಲ್ಲ, ಬಿಡಿಬಿಡಿಯಾಗಿ. ಕಗ್ಗದ ಉದಾಹರಣೆಯಲ್ಲಿ ಅವು ಮೂರು: ಭತ್ತದ ತಳಿ, ಉಪ್ಪುನೀರಿನ ಗದ್ದೆ, ಅಘನಾಶಿನಿ ಅಳಿವೆ. ಈಗ ಒಂದೊಂದರ ಕೆಳಗೆ ಅದರ ಬೇರೆ ಹೆಸರುಗಳನ್ನು ಸೇರಿಸುತ್ತ ಹೋಗಿ. ‘ಗಜನಿ’ಯನ್ನು ಇಂಗ್ಲಿಷ್‌ನಲ್ಲಿ ಕೆಲವರು ‘ಜೆ’ ಅಕ್ಷರದಿಂದಲೂ ಕೆಲವರು ‘ಝೆಡ್’ ಅಕ್ಷರದಿಂದಲೂ ಬರೆಯುತ್ತಾರೆ, ನಡುವಿನ ‘ಎ’ಯನ್ನು ಕೆಲವರು ಬಿಡುತ್ತಾರೆ, ಹೀಗೆ ಒಂದೇ ಪದಕ್ಕೆ ನಾಲ್ಕು ಕಾಗುಣಿತಗಳಾದವು. ಸರ್ಕಾರಿ ಕಾಗದಪತ್ರಗಳಲ್ಲಿ ಇದೇ ಭೂಮಿಗೆ ‘ಖಾರ್‌ಲ್ಯಾಂಡ್’ ಎಂಬ ಹೆಸರಿದೆ. ಇದನ್ನೇ ಹೋಲುವ ಗದ್ದೆಗಳು ಗೋವೆಯಲ್ಲಿ ‘ಖಾಜನ್’ ಆಗಿವೆ, ಕೇರಳದಲ್ಲಿ ‘ಪೊಕ್ಕಾಳಿ’ ಮತ್ತು ‘ಕೈಪಾಡ್’ ಆಗಿವೆ. ಪೊಕ್ಕಾಳಿಯ ಮೇಲೆ ಬರೆದ ಲೇಖನ ನಿಮ್ಮ ಊರಿನದಲ್ಲವೆಂದು ಬಿಟ್ಟುಬಿಡಬೇಡಿ, ಏಕೆಂದರೆ ಉಪ್ಪುನೀರಿನ ಭತ್ತವನ್ನೂ ಸಿಗಡಿ ಸಾಕಣೆಯನ್ನೂ ಒಂದೇ ಗದ್ದೆಯಲ್ಲಿ ಹೊಂದಿಸುವ ಸಮಸ್ಯೆ ಎರಡೂ ಕಡೆ ಒಂದೇ ಬಗೆಯದು, ಮತ್ತು ಅಂಥ ಲೇಖನದಲ್ಲಿ ಹೋಲಿಕೆಗಾಗಿ ಕರ್ನಾಟಕದ ಕರಾವಳಿಯ ಮಾತು ಬಂದಿರುವ ಸಾಧ್ಯತೆ ಇರುತ್ತದೆ.

ಅನಂತರ ವಿಜ್ಞಾನದ ಪದಗಳು. ಭತ್ತಕ್ಕೆ ‘ಒರೈಜಾ ಸಟೈವಾ’, ಗುಣಕ್ಕೆ ‘ಸಾಲ್ಟ್ ಟಾಲರೆನ್ಸ್’ ಮತ್ತು ‘ಸಲೈನಿಟಿ’, ಜಾಗಕ್ಕೆ ‘ಎಸ್ಚುವರಿ’ ಮತ್ತು ‘ಕೋಸ್ಟಲ್ ವೆಟ್‌ಲ್ಯಾಂಡ್’. ಅಘನಾಶಿನಿಗೆ ತದಡಿ ಹೊಳೆ ಎಂಬ ಹೆಸರೂ ಇದೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿದ್ದರಿಂದ, ಅಲ್ಲಿಂದೀಚಿನ ಬರಹಗಳಲ್ಲಿ ‘ರಾಮ್ಸಾರ್’ ಎಂಬ ಪದವೂ ಹುಡುಕಲು ಯೋಗ್ಯವಾಗಿದೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಈ ಪಟ್ಟಿ ಇನ್ನೂ ಮುಖ್ಯ. ನಮ್ಮ ಜಿಲ್ಲೆ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅನಂತರ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು, ‘ಉತ್ತರ ಕನ್ನಡ’ ಎಂಬ ಈಗಿನ ಅಧಿಕೃತ ಹೆಸರು ಪಡೆದದ್ದು 1977ರಲ್ಲಿ. ಆದ್ದರಿಂದ ‘ಉತ್ತರ ಕನ್ನಡ’ ಎಂದು ಮಾತ್ರ ಹುಡುಕಿದವರಿಗೆ ಅದಕ್ಕಿಂತ ಹಿಂದಿನ ಬರಹಗಳು ಸಿಗುವುದು ಕಷ್ಟ. ‘ನಾರ್ತ್ ಕೆನರಾ’ ಎಂದು ‘ಸಿ’ಯಿಂದಲೂ ‘ಕೆ’ಯಿಂದಲೂ ಹುಡುಕಬೇಕು. ಕಾರವಾರ ಹಳೆಯ ಕಂಪನಿ ದಾಖಲೆಗಳಲ್ಲಿ ‘ಸಿ’ಯಿಂದ ಶುರುವಾಗುತ್ತದೆ. ಹೊನ್ನಾವರ ‘ಒನೋರ್’ ಆಗಿದೆ, ಭಟ್ಕಳ ಪೋರ್ಚುಗೀಸರ ಬಾಯಲ್ಲಿ ‘ಬಾತಿಕಲಾ’ ಆಗಿದೆ, ಕುಮಟಾ ಬಂದರಿನಿಂದ ಹಡಗೇರಿದ ಹತ್ತಿ ಇಂಗ್ಲಿಷ್ ವ್ಯಾಪಾರಿಗಳ ಬರವಣಿಗೆಯಲ್ಲಿ ‘ಕೂಂಪ್ಟಾ’ ಹತ್ತಿಯಾಗಿದೆ. ಗೇರುಸೊಪ್ಪೆಯ ಕಾಗುಣಿತಗಳನ್ನಂತೂ ಬೇರೆಯೇ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು, ಮತ್ತು ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಗೇರುಸೊಪ್ಪೆ ಜಲಪಾತ’ವೆಂದರೆ ಜೋಗ ಎಂಬುದನ್ನು ನೆನಪಿಡಬೇಕು.

ಯಾವುದನ್ನು ಎಲ್ಲಿ ಹುಡುಕಬೇಕು

ಗ್ರಂಥಾಲಯದ ಒಪ್ಯಾಕ್, ಅಂದರೆ ಕಂಪ್ಯೂಟರಿನಲ್ಲಿರುವ ಪುಸ್ತಕಸೂಚಿ, ಒಂದು, ಡೇಟಾಬೇಸ್ ಇನ್ನೊಂದು. ಒಪ್ಯಾಕ್‌ನಲ್ಲಿ ಪುಸ್ತಕಗಳೂ ನಿಯತಕಾಲಿಕಗಳ ಹೆಸರುಗಳೂ ಇರುತ್ತವೆ, ಆದರೆ ಆ ನಿಯತಕಾಲಿಕಗಳ ಒಳಗಿನ ಒಂದೊಂದು ಲೇಖನದ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಲೇಖನವನ್ನು ಒಪ್ಯಾಕ್‌ನಲ್ಲಿ ಹುಡುಕಿ, ಇಲ್ಲವೆಂದು ಎದ್ದುಹೋಗುವ ವಿದ್ಯಾರ್ಥಿಗಳನ್ನು ಪ್ರತಿ ವರ್ಷ ಕಾಣುತ್ತೇನೆ. ಲೇಖನಕ್ಕೆ ಡೇಟಾಬೇಸ್‌ಗೇ ಹೋಗಬೇಕು.

ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳಿಗೆ ‘ಶೋಧಗಂಗಾ’ ಇದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರ ಎಲ್ಲರಿಗೂ ತೆರೆದಿದೆ, ಪಾಸ್‌ವರ್ಡ್ ಬೇಡ. ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿತು. ಅದಕ್ಕಿಂತ ಹಿಂದಿನವುಗಳಲ್ಲಿ ಕೆಲವು ಮಾತ್ರ ಆಮೇಲೆ ಸ್ಕ್ಯಾನ್ ಆಗಿ ಸೇರಿವೆ, ಉಳಿದವಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಂಥ ಮಾತೃಸಂಸ್ಥೆಯ ಗ್ರಂಥಾಲಯಕ್ಕೇ ಹೋಗಬೇಕಾಗುತ್ತದೆ. ಶೋಧಗಂಗಾದಲ್ಲಿ ಮಹಾಪ್ರಬಂಧ ಅಧ್ಯಾಯವಾರು ಬಿಡಿ ಕಡತಗಳಾಗಿರುತ್ತದೆ. ನಾನು ವಿದ್ಯಾರ್ಥಿಗಳಿಗೆ ಮೊದಲು ತೆರೆಯಲು ಹೇಳುವುದು ಪೂರ್ವಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನು. ನಿಮ್ಮ ವಿಷಯದ ಮೇಲೆ ಅಲ್ಲಿಯವರೆಗೆ ಯಾರು ಏನು ಬರೆದಿದ್ದಾರೆಂಬುದನ್ನು ಒಬ್ಬರು ವರ್ಷಗಟ್ಟಲೆ ಕುಳಿತು ಆರಿಸಿ ಇಟ್ಟಿರುತ್ತಾರೆ. ಅಷ್ಟು ಶ್ರಮದ ಫಲ ಹತ್ತು ನಿಮಿಷದಲ್ಲಿ ನಿಮ್ಮ ಕೈಗೆ ಬರುತ್ತದೆ.

ಅಡಿಕೆ, ಕಾಳುಮೆಣಸು, ಭತ್ತ, ಅರಣ್ಯ ಇವುಗಳ ವಿಷಯವಾದರೆ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿರುವ ‘ಕೃಷಿಕೋಶ’ವನ್ನು ತೆರೆಯಿರಿ. ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ, ನಮ್ಮ ಬೆಟ್ಟ, ಕಾನು, ತೋಟಗಳ ಮೇಲಿನ ಸ್ನಾತಕೋತ್ತರ ಪ್ರಬಂಧಗಳನ್ನು ಹುಡುಕುವಾಗ ಆ ವಿಶ್ವವಿದ್ಯಾಲಯದ ಹೆಸರನ್ನೇ ಶೋಧಕವಾಗಿ ಬಳಸಬಹುದು.

ಮೀನುಗಾರಿಕೆಯ ವಿಷಯಕ್ಕೆ ಕಾರವಾರದವರು ದೂರ ಹೋಗಬೇಕಾಗಿಲ್ಲ. ಕೊಚ್ಚಿಯಲ್ಲಿ ಮುಖ್ಯ ಕಚೇರಿಯುಳ್ಳ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಗೆ ಕಾರವಾರದಲ್ಲಿ ಕೇಂದ್ರವಿದೆ, ಮತ್ತು ಆ ಸಂಸ್ಥೆ ತನ್ನ ವಿಜ್ಞಾನಿಗಳ ಲೇಖನಗಳನ್ನು ‘ಇ-ಪ್ರಿಂಟ್ಸ್’ ಎಂಬ ಮುಕ್ತ ಭಂಡಾರದಲ್ಲಿ ಇಟ್ಟಿದೆ. ಕಾರವಾರದ ಬಂಗುಡೆ ಮೀನುಗಾರಿಕೆಯ ಬಗ್ಗೆ 1950ರ ದಶಕದಲ್ಲಿ ಬರೆದ ಲೇಖನಗಳಿಂದ ಹಿಡಿದು ಇತ್ತೀಚಿನವುಗಳವರೆಗೆ ಅಲ್ಲಿ ಹುಡುಕಬಹುದು. ಇಲ್ಲಿಯೂ ಪದದ ಮಾತು ಮರೆಯಬಾರದು: ಬಂಗುಡೆ ‘ಮ್ಯಾಕೆರೆಲ್’ ಆಗಿಯೂ ‘ರಾಸ್ಟ್ರೆಲಿಗರ್ ಕನಗುರ್ಟ’ ಆಗಿಯೂ ಇರುತ್ತದೆ. ವೈಜ್ಞಾನಿಕ ಹೆಸರಿನಿಂದ ಹುಡುಕುವುದರಲ್ಲಿ ಒಂದು ಲಾಭವಿದೆ, ಅದು ಭಾಷೆಯಿಂದ ಭಾಷೆಗೆ ಬದಲಾಗುವುದಿಲ್ಲ.

ಸಮಾಜವಿಜ್ಞಾನ ಮತ್ತು ಇತಿಹಾಸಕ್ಕೆ ‘ಜೆಸ್ಟೋರ್’ ಒಳ್ಳೆಯ ಆರಂಭ. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯ ಹಳೆಯ ಸಂಚಿಕೆಗಳೂ ಅಲ್ಲಿವೆ. ವಿಜ್ಞಾನಕ್ಕೆ ‘ಸ್ಕೋಪಸ್’, ‘ವೆಬ್ ಆಫ್ ಸೈನ್ಸ್’. ವೈದ್ಯಕೀಯಕ್ಕೆ ಉಚಿತವಾದ ‘ಪಬ್‌ಮೆಡ್’. ‘ಗೂಗಲ್ ಸ್ಕಾಲರ್’ ಎಲ್ಲವನ್ನೂ ಒಟ್ಟಿಗೆ ಬಾಚಿ ತರುತ್ತದೆ, ಜೊತೆಗೆ ಕಸವನ್ನೂ ತರುತ್ತದೆ. ಮೊದಲ ದಿನದ ಸುತ್ತಾಟಕ್ಕೆ ಅದು ಚೆನ್ನ; ಅದೊಂದನ್ನೇ ನಂಬಿ ಸಾಹಿತ್ಯ ಸಮೀಕ್ಷೆ ಬರೆಯುವುದನ್ನು ನಾನು ಒಪ್ಪುವುದಿಲ್ಲ.

ಒಳಗೆ ಹೋಗುವ ದಾರಿ

ಚಂದಾ ಕಟ್ಟಿದ ಡೇಟಾಬೇಸ್‌ಗಳಿಗೆ ನಿಮ್ಮ ಸಂಸ್ಥೆಯ ಮೂಲಕ ಹೋಗಬೇಕು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ದೇಶ ಒಂದು ಚಂದಾ’ ಯೋಜನೆಗೆ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಇದರಲ್ಲಿ ಸೇರಿವೆ, ಮತ್ತು ಇದು ಕೇಂದ್ರ ಅಥವಾ ರಾಜ್ಯ ಸರ್ಕಾರದ ಆಡಳಿತದಲ್ಲಿರುವ ಉನ್ನತ ಶಿಕ್ಷಣ ಸಂಸ್ಥೆಗಳಿಗೆ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಆಡಳಿತ ಮಂಡಳಿಗಳು ನಡೆಸುವ ಅನುದಾನಿತ ಕಾಲೇಜುಗಳೂ ಇರುವುದರಿಂದ, ಅಲ್ಲಿನವರು ಕಾಲೇಜುಗಳಿಗೆ ಇ-ನಿಯತಕಾಲಿಕ, ಇ-ಪುಸ್ತಕಗಳನ್ನು ಒದಗಿಸುವ ‘ಎನ್-ಲಿಸ್ಟ್’ ಕಾರ್ಯಕ್ರಮದ ಬಗ್ಗೆ ವಿಚಾರಿಸಬೇಕು. ಎನ್-ಲಿಸ್ಟ್‌ನಲ್ಲಿ ಕಾಲೇಜು ಸದಸ್ಯನಾಗಿದ್ದರೆ ಗ್ರಂಥಪಾಲಕರು ನಿಮ್ಮ ಹೆಸರು ಮತ್ತು ಇಮೇಲ್ ವಿಳಾಸವನ್ನು ನೋಂದಾಯಿಸುತ್ತಾರೆ, ಪಾಸ್‌ವರ್ಡ್ ನಿಮ್ಮ ಇಮೇಲ್‌ಗೇ ಬರುತ್ತದೆ, ಆಮೇಲೆ ಮನೆಯಿಂದಲೇ ಓದಬಹುದು. ಸದಸ್ಯತ್ವವಿದ್ದೂ ಕೇಳುವವರಿಲ್ಲದೆ ಬಿದ್ದಿರುವ ಪಾಸ್‌ವರ್ಡ್‌ಗಳನ್ನು ಕಂಡು ನನಗೆ ನಿಜವಾಗಿ ಸಂಕಟವಾಗಿದೆ. ಕಾಲೇಜು ಸೇರಿದ ಮೊದಲ ತಿಂಗಳಲ್ಲೇ ಗ್ರಂಥಪಾಲಕರನ್ನು ಕಂಡು ಕೇಳಿರಿ. ಮಳೆಗಾಲದಲ್ಲಿ ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದು ಧಾರವಾಡದ ದಾರಿ ಮುಚ್ಚಿದಾಗ ಆ ಪಾಸ್‌ವರ್ಡ್‌ನ ಬೆಲೆ ತಿಳಿಯುತ್ತದೆ.

ಹುಡುಕುವ ಪೆಟ್ಟಿಗೆಯಲ್ಲಿ ಬರೆಯುವ ಕ್ರಮ

ಡೇಟಾಬೇಸ್‌ಗೆ ಪೂರ್ಣ ಪ್ರಶ್ನೆಯನ್ನು ಕೇಳಬಾರದು. ಪಟ್ಟಿಯ ಪದಗಳನ್ನು ಮೂರು ಕೊಂಡಿಗಳಿಂದ ಜೋಡಿಸಬೇಕು: ‘ಆ್ಯಂಡ್’, ‘ಆರ್’, ‘ನಾಟ್’. ಇವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯುವುದು ಎಲ್ಲ ಕಡೆಗೂ ಸುರಕ್ಷಿತ. ಒಂದೇ ವಸ್ತುವಿನ ಬೇರೆಬೇರೆ ಹೆಸರುಗಳ ನಡುವೆ ‘ಆರ್’ ಹಾಕಿ, ಅವನ್ನೆಲ್ಲ ಒಂದು ಆವರಣದೊಳಗೆ ಸೇರಿಸಿ. ಒಂದು ವಸ್ತುವಿಗೂ ಇನ್ನೊಂದಕ್ಕೂ ನಡುವೆ ‘ಆ್ಯಂಡ್’ ಹಾಕಿ. ಕಗ್ಗದ ಹುಡುಕಾಟದಲ್ಲಿ ಗಜನಿಯ ನಾಲ್ಕು ಕಾಗುಣಿತಗಳೂ ಖಾರ್‌ಲ್ಯಾಂಡ್, ಖಾಜನ್, ಪೊಕ್ಕಾಳಿಗಳೂ ಒಂದು ಆವರಣದಲ್ಲಿ. ‘ರೈಸ್’ ಮತ್ತು ‘ಒರೈಜಾ’ ಇನ್ನೊಂದರಲ್ಲಿ. ‘ಸಲೈನಿಟಿ’ ಮತ್ತು ‘ಸಾಲ್ಟ್’ ಮೂರನೆಯದರಲ್ಲಿ. ಆವರಣ ಹಾಕದಿದ್ದರೆ ಯಂತ್ರ ಯಾವುದನ್ನು ಯಾವುದರೊಡನೆ ಕೂಡಿಸಬೇಕೆಂಬುದನ್ನು ತನ್ನದೇ ನಿಯಮದಂತೆ ತೀರ್ಮಾನಿಸುತ್ತದೆ, ಮತ್ತು ಫಲಿತಾಂಶ ಅಸ್ತವ್ಯಸ್ತವಾಗುತ್ತದೆ.

ಎರಡು ಪದಗಳು ಒಟ್ಟಿಗೇ ಬರಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಇಡಿ. ಇದರ ಅಗತ್ಯ ಚೆನ್ನಾಗಿ ತಿಳಿಯುವುದು ‘ಕಾನು’ ಕಾಡಿನ ಹುಡುಕಾಟದಲ್ಲಿ. ಶಿರಸಿ, ಸಿದ್ದಾಪುರದ ಕಡೆಯ ಈ ಹಳೆಯ ನಿತ್ಯಹರಿದ್ವರ್ಣ ಕಾಡುಗಳನ್ನು ಇಂಗ್ಲಿಷ್ ಲೇಖನಗಳು ‘ಕಾನ್ ಫಾರೆಸ್ಟ್’ ಎನ್ನುತ್ತವೆ. ಆದರೆ ‘ಕಾನ್’ ಎಂದು ಇಂಗ್ಲಿಷಿನ ಮೂರಕ್ಷರ ಮಾತ್ರ ಬರೆದರೆ ಅದೇ ಹೆಸರಿನ ಲೇಖಕರೂ ಊರುಗಳೂ ಸಾಲುಗಟ್ಟಿ ಬರುತ್ತಾರೆ. ಎರಡೂ ಪದಗಳನ್ನು ಉದ್ಧರಣದೊಳಗೆ ಸೇರಿಸಿ, ‘ಆರ್’ ಕೊಟ್ಟು ‘ಸೇಕ್ರೆಡ್ ಗ್ರೋವ್’ ಮತ್ತು ‘ದೇವರಕಾಡು’ಗಳನ್ನೂ ಜೋಡಿಸಿ, ‘ಆ್ಯಂಡ್’ ಕೊಟ್ಟು ‘ವೆಸ್ಟರ್ನ್ ಘಾಟ್ಸ್’ ಬರೆದರೆ ಪಟ್ಟಿ ತಿಳಿಯಾಗುತ್ತದೆ.

ಪದದ ಬುಡವನ್ನು ಬರೆದು ನಕ್ಷತ್ರ ಚಿಹ್ನೆ (*) ಹಾಕಿದರೆ ಅದರ ಎಲ್ಲ ರೂಪಗಳೂ ಬರುತ್ತವೆ. ‘ಎಸ್ಚುವರಿ’ಯ ಏಕವಚನ, ಬಹುವಚನ, ವಿಶೇಷಣಗಳನ್ನು ಬೇರೆಬೇರೆಯಾಗಿ ಬರೆಯುವ ಕೆಲಸ ತಪ್ಪುತ್ತದೆ. ಆದರೆ ಗೂಗಲ್ ಸ್ಕಾಲರ್ ಈ ಚಿಹ್ನೆಯನ್ನು ಹಾಗೆ ಓದುವುದಿಲ್ಲ. ‘ನಾಟ್’ ಅನ್ನು ಮಾತ್ರ ಎಚ್ಚರದಿಂದ ಬಳಸಿ, ಏಕೆಂದರೆ ಬೇಡದ ಪದ ಒಂದೇ ಒಂದು ಸಲ ಬಂದಿದ್ದರೂ ಬೇಕಾದ ಲೇಖನವೇ ಹೋಗಿಬಿಡುತ್ತದೆ. ಶಿರಸಿಯ ಹೆಸರಿನಲ್ಲಿ ಈ ತೊಡಕು ನನಗೆ ಮೊದಲು ಎದುರಾಯಿತು: ‘ಸಿರ್ಸಿ’ ಎಂಬ ಹೆಸರಿನ ಗ್ರಂಥಾಲಯ ತಂತ್ರಾಂಶದ ಕಂಪನಿಯೊಂದು ಅಮೆರಿಕದಲ್ಲಿತ್ತು, ಅದರ ತಂತ್ರಾಂಶದ ಬಗ್ಗೆ ಗ್ರಂಥಾಲಯ ವಿಜ್ಞಾನದ ಲೇಖನಗಳು ಬೇಕಾದಷ್ಟಿವೆ, ಉತ್ತರ ಪ್ರದೇಶದಲ್ಲಿ ಸಿರ್ಸಿ ಎಂಬ ಊರೂ ಇದೆ. ಅವನ್ನು ‘ನಾಟ್’ನಿಂದ ಓಡಿಸುವುದಕ್ಕಿಂತ ‘ಆ್ಯಂಡ್ ಕರ್ನಾಟಕ’ ಎಂದು ಸೇರಿಸುವುದು ಮೇಲು.

ಫಲಿತಾಂಶ ಸಾವಿರಗಟ್ಟಲೆ ಬಂದರೆ ಶೀರ್ಷಿಕೆ ಮತ್ತು ಸಾರಲೇಖಗಳಿಗೆ ಮಾತ್ರ ಹುಡುಕಾಟವನ್ನು ಸೀಮಿತಗೊಳಿಸಿ. ಐದಾರೇ ಬಂದರೆ ಒಂದು ‘ಆ್ಯಂಡ್’ ತೆಗೆದುಹಾಕಿ.

ಒಂದು ಒಳ್ಳೆಯ ಲೇಖನ ಸಿಕ್ಕ ಮೇಲೆ

ಆಮೇಲಿನ ಹುಡುಕಾಟಕ್ಕೆ ಪೆಟ್ಟಿಗೆ ಅಷ್ಟಾಗಿ ಬೇಕಾಗುವುದಿಲ್ಲ. ಆ ಲೇಖನದ ಕೊನೆಯ ಉಲ್ಲೇಖಗಳು ನಿಮ್ಮನ್ನು ಹಿಂದಕ್ಕೆ ಕರೆದೊಯ್ಯುತ್ತವೆ. ‘ಸೈಟೆಡ್ ಬೈ’ ಎಂಬ ಕೊಂಡಿ ಮುಂದಕ್ಕೆ ಒಯ್ಯುತ್ತದೆ, ಅಂದರೆ ಈ ಲೇಖನವನ್ನು ಆಮೇಲೆ ಯಾರು ಯಾರು ಬಳಸಿಕೊಂಡರೆಂದು ತೋರಿಸುತ್ತದೆ. ದೇವರಕಾಡುಗಳ ಬಗ್ಗೆ ಮಾಧವ ಗಾಡ್ಗೀಳ್ ಮತ್ತು ಎಂ.ಡಿ. ಸುಭಾಷ್ ಚಂದ್ರನ್ 1992ರಲ್ಲಿ ಬರೆದ ಲೇಖನದಿಂದ ಹೊರಟರೆ, ಹಿಂದೆ ಬ್ರಿಟಿಷರ ಕಾಲದ ಅರಣ್ಯ ಬರಹಗಳವರೆಗೂ ಮುಂದೆ ಇತ್ತೀಚಿನ ಜೀವವೈವಿಧ್ಯ ಅಧ್ಯಯನಗಳವರೆಗೂ ಎಳೆ ಹಿಡಿದು ಹೋಗಬಹುದು. ಮೂರು ನಾಲ್ಕು ಲೇಖನಗಳ ಉಲ್ಲೇಖಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಕಂಡರೆ ಅದನ್ನು ಓದದೆ ಮುಂದೆ ಹೋಗಬೇಡಿ. ಸಿಕ್ಕ ಲೇಖನಕ್ಕೆ ಕೊಟ್ಟಿರುವ ‘ಕೀವರ್ಡ್’ಗಳನ್ನೂ ನೋಡಿ, ನಿಮ್ಮ ಹಾಳೆಯಲ್ಲಿ ಇಲ್ಲದವನ್ನು ಸೇರಿಸಿಕೊಳ್ಳಿ.

ಪೂರ್ಣ ಪಠ್ಯ ಸಿಗದಿದ್ದರೆ

ಸಾರಲೇಖ ತೋರಿಸಿ, ಪೂರ್ಣ ಲೇಖನಕ್ಕೆ ಹಣ ಕೇಳುವ ಪುಟ ಎದುರಾದಾಗ ಕಾರ್ಡ್ ತೆಗೆಯಬೇಡಿ. ಲೇಖನದ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ, ‘ಎಲ್ಲ ಆವೃತ್ತಿಗಳು’ ಎಂಬುದನ್ನು ಒತ್ತಿ. ಲೇಖಕರ ಸಂಸ್ಥೆಯ ಭಂಡಾರದಲ್ಲಿ ಅದೇ ಲೇಖನ ಉಚಿತವಾಗಿ ಇರಬಹುದು. ‘ಅನ್‌ಪೇವಾಲ್’ ಎಂಬ ಉಚಿತ ವಿಸ್ತರಣೆಯನ್ನು ಬ್ರೌಸರಿಗೆ ಸೇರಿಸಿಕೊಂಡರೆ ಕಾನೂನುಬದ್ಧ ಮುಕ್ತ ಪ್ರತಿ ಇರುವುದನ್ನು ಅದೇ ತೋರಿಸುತ್ತದೆ. ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆದವರು 30 ದಿನಗಳಲ್ಲಿ 100 ಲೇಖನಗಳವರೆಗೆ ಪರದೆಯ ಮೇಲೆ ಓದಬಹುದು. ನಿಮ್ಮ ಕಾಲೇಜು ದೆಹಲಿಯ ‘ಡೆಲ್‌ನೆಟ್’ ಎಂಬ ಗ್ರಂಥಾಲಯ ಜಾಲದ ಸದಸ್ಯನಾಗಿದ್ದರೆ ಗ್ರಂಥಪಾಲಕರು ಬೇರೆ ಗ್ರಂಥಾಲಯದಿಂದ ಪ್ರತಿ ತರಿಸಿಕೊಡಬಲ್ಲರು. ಇದಾವುದೂ ಆಗದಿದ್ದರೆ ಲೇಖನದ ಮೊದಲ ಪುಟದಲ್ಲಿರುವ ಇಮೇಲ್‌ಗೆ ನಾಲ್ಕು ಸಾಲಿನ ವಿನಯದ ಪತ್ರ ಬರೆಯಿರಿ. ನೀವು ಯಾರು, ಯಾವ ಊರಿನ ಯಾವ ವಿಷಯದ ಮೇಲೆ ಕೆಲಸ ಮಾಡುತ್ತಿದ್ದೀರಿ, ಯಾವ ಲೇಖನ ಬೇಕು ಎಂಬಷ್ಟು ಸಾಕು. ತಾವು ಕೆಲಸ ಮಾಡಿದ ಊರಿನ ವಿದ್ಯಾರ್ಥಿಯೊಬ್ಬರು ಕೇಳಿದಾಗ ವಿಜ್ಞಾನಿಗಳು ಪ್ರತಿಯ ಜೊತೆಗೆ ಸಲಹೆಯನ್ನೂ ಕಳಿಸಿದ್ದನ್ನು ನಾನು ಕಂಡಿದ್ದೇನೆ.

ಡೇಟಾಬೇಸ್‌ನಲ್ಲಿ ಕಂಡದ್ದೆಲ್ಲ ವಿದ್ವತ್ ಬರಹವಲ್ಲ. ಹಣ ಪಡೆದು, ಪರಿಶೀಲನೆಯಿಲ್ಲದೆ ಒಂದೇ ವಾರದಲ್ಲಿ ಅಚ್ಚು ಹಾಕುವ ನಿಯತಕಾಲಿಕಗಳಿವೆ. ಗೂಗಲ್ ಸ್ಕಾಲರ್ ಅವನ್ನು ಬೇರ್ಪಡಿಸುವುದಿಲ್ಲ. ಇವುಗಳನ್ನು ತಡೆಯಲು ಇದ್ದ, ನಂಬಬಹುದಾದ ನಿಯತಕಾಲಿಕಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಗಿದೆಯಾದ್ದರಿಂದ ತೂಗಿ ನೋಡುವ ಹೊಣೆ ಓದುಗರ ಮೇಲೆ ಹೆಚ್ಚು ಬಿದ್ದಿದೆ. ಸಂಪಾದಕ ಮಂಡಳಿಯಲ್ಲಿ ನಿಮ್ಮ ಕ್ಷೇತ್ರದವರಿದ್ದಾರೆಯೇ, ಲೇಖನ ಬಂದ ದಿನಕ್ಕೂ ಒಪ್ಪಿದ ದಿನಕ್ಕೂ ಎಷ್ಟು ಅಂತರವಿದೆ, ಮಾದರಿಯನ್ನು ಎಲ್ಲಿಂದ, ಯಾವ ತಿಂಗಳಲ್ಲಿ ತೆಗೆದರೆಂದು ಹೇಳಿದೆಯೇ ಎಂಬುದನ್ನು ನೋಡಿ. ಸ್ಥಳೀಯರಾದ ನಮಗೆ ಇನ್ನೊಂದು ಪರೀಕ್ಷೆಯೂ ಸಾಧ್ಯ: ಹೊಳೆಯ ಯಾವ ದಡದಲ್ಲಿ ಯಾವ ಊರಿದೆಯೆಂಬುದನ್ನೇ ತಪ್ಪಿ ಬರೆದ ಲೇಖನದ ಅಂಕಿಗಳನ್ನು ನಾನು ನಿಧಾನವಾಗಿ ಎರಡನೆಯ ಸಲ ಓದುತ್ತೇನೆ.

ಡೇಟಾಬೇಸ್‌ಗಳ ಹೊರಗೆ ಉಳಿದಿರುವ ಕನ್ನಡ

ಕನ್ನಡದಲ್ಲಿ ನಡೆದ ಒಳ್ಳೆಯ ಸಂಶೋಧನೆಯ ದೊಡ್ಡ ಪಾಲು ಅಭಿನಂದನ ಗ್ರಂಥಗಳಲ್ಲಿ, ವಿಚಾರಸಂಕಿರಣದ ಸಂಪುಟಗಳಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ‘ಕರ್ನಾಟಕ ಭಾರತಿ’ಯಂಥ ಪತ್ರಿಕೆಗಳಲ್ಲಿ ಇದೆ, ಮತ್ತು ಅಂತರರಾಷ್ಟ್ರೀಯ ಡೇಟಾಬೇಸ್‌ಗಳು ಅದನ್ನು ಸೂಚೀಕರಿಸಿಲ್ಲ. ಅದಕ್ಕೆ ಒಪ್ಯಾಕ್‌ನಲ್ಲಿ ಸಂಪುಟ ಹುಡುಕಿ, ಕಪಾಟಿನ ಮುಂದೆ ನಿಂತು ಪರಿವಿಡಿ ನೋಡುವುದೇ ದಾರಿ. ಶೋಧಗಂಗಾದಲ್ಲಿ ಕನ್ನಡ ಮಹಾಪ್ರಬಂಧಗಳಿದ್ದರೂ ಅವುಗಳ ಶೀರ್ಷಿಕೆಯನ್ನು ಕೆಲವೆಡೆ ಕನ್ನಡ ಲಿಪಿಯಲ್ಲೂ ಕೆಲವೆಡೆ ಇಂಗ್ಲಿಷ್ ಅಕ್ಷರಗಳಲ್ಲೂ ನಮೂದಿಸಿರುವುದರಿಂದ ಎರಡು ರೀತಿಯಲ್ಲೂ ಹುಡುಕಬೇಕು. ವಿಶ್ವವಿದ್ಯಾಲಯ ಮತ್ತು ವಿಭಾಗವನ್ನು ಆರಿಸಿಕೊಂಡು ಪಟ್ಟಿಯನ್ನೇ ಕಣ್ಣಾಡಿಸುವುದು ಇನ್ನೂ ಖಚಿತ.

ಶಾಸನಗಳ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನವು, ಬನವಾಸಿಯಾಗಲಿ ಗೇರುಸೊಪ್ಪೆಯಾಗಲಿ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಅವುಗಳಿಗೆ ‘ಎಪಿಗ್ರಾಫಿಯಾ ಇಂಡಿಕಾ’ವನ್ನೂ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳನ್ನೂ ನೋಡಬೇಕು. ಆದರೂ ಶಿವಮೊಗ್ಗ ಜಿಲ್ಲೆಯ ಸಂಪುಟಗಳನ್ನು ಬಿಡಬೇಡಿ, ಸೊರಬ ಮತ್ತು ಸಾಗರದ ಶಾಸನಗಳಿಗೆ ನಮ್ಮ ಸೀಮೆಯ ಸಂಬಂಧವಿದೆ. 1883ರಲ್ಲಿ ಎರಡು ಭಾಗಗಳಾಗಿ ಬಂದ ಬಾಂಬೆ ಗೆಜೆಟಿಯರ್‌ನ 15ನೆಯ ಸಂಪುಟ ಪೂರ್ತಿ ನಮ್ಮ ಜಿಲ್ಲೆಯದೇ. ಅದು ‘ಇಂಟರ್‌ನೆಟ್ ಆರ್ಕೈವ್’ನಲ್ಲಿ ಉಚಿತವಾಗಿದೆ.

ಹುಡುಕಿದ ದಿನವೇ ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆದಿಡಿ: ದಿನಾಂಕ, ಡೇಟಾಬೇಸ್‌ನ ಹೆಸರು, ಹುಡುಕಲು ಬಳಸಿದ ಪದಗಳ ಪೂರ್ಣ ಸಾಲು, ಬಂದ ಫಲಿತಾಂಶಗಳ ಸಂಖ್ಯೆ. ಲೇಖನಗಳನ್ನು ‘ಜೊಟೆರೊ’ ಎಂಬ ಉಚಿತ ತಂತ್ರಾಂಶದಲ್ಲಿ ಸೇರಿಸಿದರೆ ಲೇಖಕರು, ವರ್ಷ, ಸಂಪುಟ, ಪುಟಸಂಖ್ಯೆಗಳು ತಾವಾಗಿ ದಾಖಲಾಗುತ್ತವೆ, ಆದರೂ ಒಂದು ಸಲ ಕಣ್ಣಿನಿಂದ ಪರಿಶೀಲಿಸಿ. ಪ್ರತಿ ಲೇಖನಕ್ಕೆ 10 ಎಂಬ ಅಂಕಿಯಿಂದ ಆರಂಭವಾಗುವ ಡಿಒಐ ಸಂಖ್ಯೆ ಇದ್ದರೆ ಅದನ್ನು ತಪ್ಪದೆ ಬರೆದುಕೊಳ್ಳಿ, ಏಕೆಂದರೆ ಜಾಲತಾಣದ ವಿಳಾಸ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಘಟ್ಟದ ಮೇಲಿನ ಹಳ್ಳಿಗಳಿಂದ ಬರುವವರು ಪೇಟೆಯಲ್ಲಿ ನೆಟ್‌ವರ್ಕ್ ಇರುವಾಗಲೇ ಪಿಡಿಎಫ್‌ಗಳನ್ನು ಇಳಿಸಿಕೊಂಡು, ಕಡತದ ಹೆಸರನ್ನು ಲೇಖಕರ ಹೆಸರು ಮತ್ತು ವರ್ಷಕ್ಕೆ ಬದಲಿಸಿಟ್ಟುಕೊಂಡರೆ, ರಾತ್ರಿ ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೂ ಓದು ನಿಲ್ಲುವುದಿಲ್ಲ.